ಬಿಸಿಎ ಶುರುವಾಗೋಕೆ ಆರು ವಾರ ಇದೆ: ಹಳೇ ಲ್ಯಾಪ್‌ಟಾಪ್, ವಿಂಡೋಸ್ 7, ಕನ್ನಡ ಮಾಧ್ಯಮ. ಪ್ರೋಗ್ರಾಮಿಂಗ್ ಎಲ್ಲಿಂದ ಶುರು ಮಾಡಲಿ?

ಹೊಸಹೆಜ್ಜೆ

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯುಸಿ ಕಾಮರ್ಸ್ ಮುಗಿದಿದೆ, ಬಿಸಿಎ ಸೇರ್ತಿದ್ದೀನಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಲ್ಯಾಪ್‌ಟಾಪಲ್ಲಿ 4 ಜಿಬಿ ರ‍್ಯಾಮ್, ವಿಂಡೋಸ್ 7 ಇದೆ. ನೆಟ್ ಅಂದ್ರೆ ಮೊಬೈಲ್ ಹಾಟ್‌ಸ್ಪಾಟ್ ಮಾತ್ರ, ದಿನಕ್ಕೆ 1.5 ಜಿಬಿ. ಮೊದಲ ಸೆಮಿಸ್ಟರಿಗೆ ಸಿ ಇದೆ ಅಂತ ಹೇಳಿದ್ದಾರೆ. ಕೆಲವರು ಪೈಥಾನ್ ಅಂತಾರೆ, ಕೆಲವರು ಎಚ್‌ಟಿಎಂಎಲ್ ಇಂದ ಶುರು ಮಾಡು ಅಂತಾರೆ. ಇಂಗ್ಲಿಷ್ ಅಷ್ಟಾಗಿ ಬರಲ್ಲ, ಅದೇ ದೊಡ್ಡ ಭಯ. ಯಾವ ಕ್ರಮದಲ್ಲಿ ಹೋಗಲಿ? ಈ ಲ್ಯಾಪ್‌ಟಾಪ್ ಸಾಕಾ?

ತುಂಗಾತೀರ

ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು. ಇಂಗ್ಲಿಷ್ ವಿಷಯ ಮೊದಲು ಹೇಳಿಬಿಡ್ತೀನಿ. ಪೈಥಾನಿನಲ್ಲಿ ಭಾಷೆಯೇ ಕಾದಿರಿಸಿಕೊಂಡ ಪದಗಳು ಒಟ್ಟು 35. ಹಳೆಯ ಸಿ ಮಾನಕದಲ್ಲಿ 32. ಈಫ್, ಎಲ್ಸ್, ವೈಲ್, ಫಾರ್, ರಿಟರ್ನ್ ಥರದವು. ಮೊದಲ ತಿಂಗಳಿಗೆ ಇವುಗಳಲ್ಲಿ ಹತ್ತು ಹನ್ನೆರಡು ಬಂದರೆ ಕೆಲಸ ನಡೆಯುತ್ತೆ. ಇಂಗ್ಲಿಷಿನ ಅಗತ್ಯ ಬೀಳೋದು ಎರರ್ ಸಂದೇಶ ಓದುವಾಗ. ಅವೂ ಇಪ್ಪತ್ತು ಮೂವತ್ತು ಸಿದ್ಧ ವಾಕ್ಯಗಳೇ, ತಿರುಗಿ ತಿರುಗಿ ಅವೇ ಬರ್ತವೆ.

ಕ್ರಮ: ಮೊದಲ ಮೂರು ವಾರ ಪೈಥಾನ್, ಮುಂದಿನ ಮೂರು ವಾರ ಸಿ. ಎಚ್‌ಟಿಎಂಎಲ್ ಆಮೇಲೆ ನೋಡಿಕೊಳ್ಳಿ. ಅದು ವೆಬ್ ಪುಟದ ರಚನೆ ಹೇಳುವ ಭಾಷೆ. "ಹೀಗಿದ್ದರೆ ಹೀಗೆ ಮಾಡು", "ಇಷ್ಟು ಸಲ ಮಾಡು" ಅನ್ನೋದು ಅದರಲ್ಲಿಲ್ಲ, ಬಿಸಿಎಯಲ್ಲಿ ನಿಮಗೆ ಬೇಕಿರೋದು ಅದೇ.

ವಿಂಡೋಸ್ 7ಕ್ಕೆ ಪೈಥಾನ್ 3.8 ಕೊನೆಯ ಆವೃತ್ತಿ. 3.9ರಿಂದ ಮುಂದಿನದು ಅದರಲ್ಲಿ ಇನ್‌ಸ್ಟಾಲ್ ಆಗೋದೇ ಇಲ್ಲ. ಪೈಥಾನಿನ ಅಧಿಕೃತ ತಾಣದಲ್ಲಿ 3.8.10 ಹುಡುಕಿ, ಇನ್‌ಸ್ಟಾಲರ್ ಸಿಗುವ ಕೊನೆಯ 3.8 ಅದೇ. 30 ಎಂಬಿಗಿಂತ ಕಡಿಮೆ, ಹಾಟ್‌ಸ್ಪಾಟಿಗೆ ಹೊರೆಯಲ್ಲ. ಡೌನ್‌ಲೋಡ್ ಮಾಡೋಕೆ ಮುಂಚೆ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ: 32 ಬಿಟ್ಟೋ 64 ಬಿಟ್ಟೋ, ಸರ್ವಿಸ್ ಪ್ಯಾಕ್ 1 ಇದೆಯೋ ಇಲ್ಲವೋ. ಸರ್ವಿಸ್ ಪ್ಯಾಕ್ 1 ಇಲ್ಲದಿದ್ದರೆ ಇನ್‌ಸ್ಟಾಲರ್ ಅರ್ಧಕ್ಕೇ ನಿಲ್ಲುತ್ತೆ.

ಇನ್‌ಸ್ಟಾಲರಿನ ಮೊದಲ ಪರದೆಯ ಕೆಳಗಡೆ "ಆ್ಯಡ್ ಪೈಥಾನ್ ಟು ಪಾತ್" ಅಂತ ಒಂದು ಚೌಕ ಇರುತ್ತೆ, ಅದರಲ್ಲಿ ಟಿಕ್ ಇರಲ್ಲ. ಟಿಕ್ ಹಾಕಿಯೇ ಮುಂದೆ ಹೋಗಿ.

ಗೆರೆಲೆಕ್ಕ

ತುಂಗಾತೀರ ಸರ್, ಇದೊಂದು ನಾನು ಒಪ್ಪಲ್ಲ. ಪರೀಕ್ಷೆಗೆ ಇರೋದು ಸಿ. ಆರು ವಾರದಲ್ಲಿ ಎರಡು ವ್ಯಾಕರಣ ತಲೆಗೆ ತುಂಬಿದರೆ ಒಂದರಲ್ಲಿ ಕೋಲನ್, ಇನ್ನೊಂದರಲ್ಲಿ ಸೆಮಿಕೋಲನ್, ಒಂದರಲ್ಲಿ ಇಂಡೆಂಟ್ (ಸಾಲಿನ ಆರಂಭದಲ್ಲಿ ಬಿಡುವ ಜಾಗ), ಇನ್ನೊಂದರಲ್ಲಿ ಆವರಣ. ಹೊಸಬರು ಎರಡನ್ನೂ ಕಲಸಿಕೊಳ್ತಾರೆ. ನೇರ ಸಿ ಹಿಡಿದರೆ ಮೆಮೊರಿ, ಟೈಪ್ ಎಲ್ಲ ಮೊದಲ ದಿನದಿಂದಲೇ ಅರ್ಥವಾಗುತ್ತೆ.

ಪ್ರಯೋಗಶಾಲೆ

ಗೆರೆಲೆಕ್ಕ ಅವರ ಮಾತಲ್ಲಿ ಹುರುಳಿದೆ. ಆದರೆ ಮೊದಲ ವಾರದ ಹುಡುಗನಿಗೆ ಸಿ ಏನು ಮಾಡುತ್ತೆ ಅನ್ನೋದಕ್ಕೆ ಒಂದೇ ಲೆಕ್ಕ ತಗೊಳ್ಳಿ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 500 ಬಂದಿದೆ, ಶೇಕಡಾ ಎಷ್ಟು? ಬಾಯಿಲೆಕ್ಕದಲ್ಲೇ 80.

ಪೈಥಾನಿನಲ್ಲಿ 500/625*100 ಅಂತ ಬರೆದರೆ 80.0 ಬರುತ್ತೆ. ಸಿಯಲ್ಲಿ ಅದನ್ನೇ ಬರೆದರೆ 0. ಯಾಕಂದ್ರೆ ಎರಡೂ ಪೂರ್ಣಾಂಕವಾದರೆ ಸಿ ಭಾಗಲಬ್ಧದ ದಶಮಾಂಶ ಕತ್ತರಿಸಿ ಬಿಸಾಡುತ್ತೆ: 500/625 ಅಂದ್ರೆ 0, ಅದನ್ನು 100ರಿಂದ ಗುಣಿಸಿದರೂ 0. ಸರಿ, ಮೊದಲು ಗುಣಿಸೋಣ ಅಂತ 500*100/625 ಬರೆದರೆ ಈಗಿನ ಜಿಸಿಸಿ ಕಂಪೈಲರಿನಲ್ಲಿ (ಕಂಪೈಲರ್ ಅಂದ್ರೆ ಸಿ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸೋ ಸಾಧನ) 80 ಬರುತ್ತೆ. ಆದರೆ ಇವತ್ತಿಗೂ ಎಷ್ಟೋ ಲ್ಯಾಬುಗಳಲ್ಲಿರೋ ಟರ್ಬೋ ಸಿ ಅನ್ನೋ ಹಳೇ ಕಂಪೈಲರಿನಲ್ಲಿ ಅದೇ ಸಾಲು -24 ಕೊಡುತ್ತೆ. ಅಲ್ಲಿ ಇಂಟ್ ಅಂದ್ರೆ 2 ಬೈಟು, ಹಿಡಿಸೋದು 32767ವರೆಗೆ ಮಾತ್ರ. 50000 ಅಲ್ಲಿಗೆ ಹಿಡಿಸದೆ 65536 ಕಳೆದು -15536 ಆಗುತ್ತೆ, 625ರಿಂದ ಭಾಗಿಸಿದರೆ -24. ಸರಿಯಾದ ರೂಪ 500*100.0/625, ಅಥವಾ ಅಂಕದ ವೇರಿಯೇಬಲ್ಲನ್ನೇ (ಮೌಲ್ಯ ಇಡುವ ಹೆಸರು) ಫ್ಲೋಟ್, ಅಂದ್ರೆ ದಶಮಾಂಶದ ಟೈಪ್ ಮಾಡೋದು. ಉತ್ತರವನ್ನು ಪರ್ಸೆಂಟ್-ಡಿ ಹಾಕಿ ಮುದ್ರಿಸಿದರೆ ಮತ್ತೆ ಕಸ ಬರುತ್ತೆ, ಪರ್ಸೆಂಟ್-ಎಫ್ ಬೇಕು.

ಒಂದು ಶೇಕಡಾ ಲೆಕ್ಕದಲ್ಲಿ ಇಷ್ಟು ಗುಂಡಿಗಳು. ಇವೆಲ್ಲ ಕಲಿಯಲೇಬೇಕಾದವು, ತಕರಾರಿಲ್ಲ. ಆದರೆ "ಪ್ರೋಗ್ರಾಂ ಅಂದ್ರೆ ಸಾಲಾಗಿ ನಡೆಯುವ ಸೂಚನೆ" ಅನ್ನೋದೇ ಇನ್ನೂ ಕೂತಿರದ ತಲೆಗೆ -24 ಬಂದರೆ, ತಪ್ಪು ತನ್ನ ಯೋಚನೆಯಲ್ಲಿದೆಯೋ ಭಾಷೆಯಲ್ಲಿದೆಯೋ ಗೊತ್ತಾಗಲ್ಲ. ಲೂಪು (ಮತ್ತೆ ಮತ್ತೆ ಮಾಡಿಸೋದು), ಷರತ್ತು, ಫಂಕ್ಷನ್ (ಹೆಸರಿಟ್ಟ ಸೂಚನೆಗಳ ಗುಂಪು) ಮೂರು ಪೈಥಾನಿನಲ್ಲಿ ಕೈಗೆ ಹತ್ತಲಿ. ಆಮೇಲೆ ಸಿಗೆ ಬಂದಾಗ ಹೊಸದಾಗಿ ಕಲಿಯೋದು ಟೈಪು, ಮೆಮೊರಿ ಮಾತ್ರ ಉಳಿಯುತ್ತೆ. ಇದು ನನ್ನ ಖಚಿತ ಅಭಿಪ್ರಾಯ.

ಹೊಸಹೆಜ್ಜೆ

ಧನ್ಯವಾದ ಮೇಡಂ. ಹಾಗಾದ್ರೆ ಪೈಥಾನ್ ಮೊದಲು. 3.8.10 ಹಾಕಿದೆ. ಕಪ್ಪು ಪರದೆಯಲ್ಲಿ (ಕಮಾಂಡ್ ಪ್ರಾಂಪ್ಟ್) ಪೈಥಾನ್ ಅಂತ ಟೈಪ್ ಮಾಡಿದ್ರೆ "ಈಸ್ ನಾಟ್ ರೆಕಗ್ನೈಸ್ಡ್" ಅಂತ ಬರ್ತಿದೆ. ಟಿಕ್ ಹಾಕೋದು ಮರೆತೆ ಅನ್ಸುತ್ತೆ.

ತುಂಗಾತೀರ

ಹೌದು, ಅದೇ. ಇನ್‌ಸ್ಟಾಲರನ್ನೇ ಮತ್ತೆ ಓಡಿಸಿ, ಮಾಡಿಫೈ ಒತ್ತಿ, ಎರಡನೇ ಪರದೆಯಲ್ಲಿ ಎನ್ವಿರಾನ್ಮೆಂಟ್ ವೇರಿಯೇಬಲ್ ಚೌಕಕ್ಕೆ ಟಿಕ್ ಹಾಕಿ. ಆಮೇಲೆ ಆ ಕಪ್ಪು ಪರದೆ ಮುಚ್ಚಿ ಹೊಸದಾಗಿ ತೆರೆಯಿರಿ. ಹಳೇ ಪರದೆಗೆ ಬದಲಾವಣೆ ಗೊತ್ತಾಗಲ್ಲ. ತುರ್ತಿಗೆ ಬರೀ ಪಿ-ವೈ ಎರಡಕ್ಷರ ಟೈಪ್ ಮಾಡಿದರೂ ಸಾಮಾನ್ಯವಾಗಿ ನಡೆಯುತ್ತೆ.

ಸದ್ಯಕ್ಕೆ ಕಪ್ಪು ಪರದೆಯೇ ಬೇಡ. ಪೈಥಾನ್ ಜೊತೆಗೇ ಕೋಡ್ ಬರೆದು ಓಡಿಸೋ ಐಡಲ್ ಬಂದಿರುತ್ತೆ, ಸ್ಟಾರ್ಟ್ ಮೆನುವಿನಲ್ಲಿದೆ. ತೆರೆದ ತಕ್ಷಣ ಮೂರು ಬಾಣ ಕಾಣುವ ಕಿಟಕಿ ಬರುತ್ತೆ, ಅದು ಒಂದೊಂದು ಸಾಲು ಪರೀಕ್ಷಿಸೋಕೆ. ಅಲ್ಲಿ ಬರೆದದ್ದು ಉಳಿಯಲ್ಲ. ಪ್ರೋಗ್ರಾಂ ಬರೆಯೋಕೆ ಕಂಟ್ರೋಲ್-ಎನ್ ಒತ್ತಿ ಹೊಸ ಕಿಟಕಿ ತೆಗೆದು, ಕಂಟ್ರೋಲ್-ಎಸ್ ಒತ್ತಿ ಸೇವ್ ಮಾಡಿ, ಎಫ್5 ಒತ್ತಿ ಓಡಿಸಿ. ಮೂರು ಬಾಣದ ಗುರುತನ್ನು ಫೈಲಿಗೆ ಕಾಪಿ ಮಾಡಬೇಡಿ, ಅದು ಕೋಡಿನ ಭಾಗವಲ್ಲ.

ಫೈಲ್ ಹೆಸರಿನ ವಿಷಯದಲ್ಲಿ ಎರಡು ಎಚ್ಚರ. ನೋಟ್‌ಪ್ಯಾಡಿನಲ್ಲಿ ಸೇವ್ ಮಾಡಿದರೆ ಕೊನೆಗೆ ಡಾಟ್-ಟಿಎಕ್ಸ್‌ಟಿ ಸೇರಿಕೊಳ್ಳುತ್ತೆ, ವಿಂಡೋಸ್ ಅದನ್ನು ಮುಚ್ಚಿಡುತ್ತೆ. ಫೋಲ್ಡರ್ ಆಪ್ಶನ್ಸಿಗೆ ಹೋಗಿ "ಹೈಡ್ ಎಕ್ಸ್‌ಟೆನ್ಶನ್ಸ್" ಟಿಕ್ ತೆಗೆಯಿರಿ. ಎರಡನೆಯದು, ಪೈಥಾನಿನದೇ ಮಾಡ್ಯೂಲ್ (ಸಿದ್ಧ ಕೋಡಿನ ಫೈಲು) ಹೆಸರನ್ನು ನಿಮ್ಮ ಫೈಲಿಗೆ ಇಡಬೇಡಿ. ಟರ್ಟಲ್ ಚಿತ್ರ ಬಿಡಿಸುವ ಪ್ರೋಗ್ರಾಮನ್ನು ಟರ್ಟಲ್ ಅಂತಲೇ ಸೇವ್ ಮಾಡಿದರೆ, ಪೈಥಾನ್ ತನ್ನ ಟರ್ಟಲ್ ಬಿಟ್ಟು ನಿಮ್ಮ ಫೈಲನ್ನೇ ಇಂಪೋರ್ಟ್ ಮಾಡಿಕೊಳ್ಳುತ್ತೆ. ಸಾಲುಗಳೆಲ್ಲ ಸರಿಯಿದ್ದರೂ ಎರರ್ ಬರುತ್ತೆ. ರ‍್ಯಾಂಡಮ್, ಮ್ಯಾತ್ ಹೆಸರುಗಳಿಗೂ ಇದೇ ಗತಿ.

ಮಲ್ಲಿಗೆಬಳ್ಳಿ

ಮಧ್ಯದಲ್ಲಿ ಕೇಳ್ತಿದ್ದೀನಿ, ಕ್ಷಮಿಸಿ. ನನ್ನ ಹತ್ರ ಲ್ಯಾಪ್‌ಟಾಪೇ ಇಲ್ಲ, ಆಂಡ್ರಾಯ್ಡ್ ಫೋನ್ ಮಾತ್ರ. ಅದರಲ್ಲಿ ಆಗುತ್ತಾ?

ತುಂಗಾತೀರ

ಆಗುತ್ತೆ ತಂಗಿ. ಪೈಡ್ರಾಯ್ಡ್ 3 ಹಾಕಿಕೊಳ್ಳಿ, ಒಮ್ಮೆ ಇಳಿಸಿದ ಮೇಲೆ ನೆಟ್ ಇಲ್ಲದೆಯೂ ಓಡುತ್ತೆ. ಮೊದಲ ಕೆಲಸ, ಕೀಬೋರ್ಡ್ ಸೆಟ್ಟಿಂಗಲ್ಲಿ ಆಟೋ ಕ್ಯಾಪಿಟಲ್ ಮತ್ತು ಆಟೋ ಕರೆಕ್ಟ್ ಎರಡನ್ನೂ ಬಂದ್ ಮಾಡೋದು. ಇಲ್ಲದಿದ್ದರೆ ಸಾಲಿನ ಮೊದಲ ಅಕ್ಷರ ದೊಡ್ಡದಾಗಿ ಪ್ರಿಂಟ್ ಹೋಗಿ ನೇಮ್‌ಎರರ್ ಬರುತ್ತೆ. ದೊಡ್ಡಕ್ಷರ ಸಣ್ಣಕ್ಷರ ಪೈಥಾನಿಗೆ ಬೇರೆ ಬೇರೆ ಹೆಸರು. ಓಟಿಜಿ ಕೇಬಲ್ ಒಂದು ತಂದು ಮಾಮೂಲಿ ಯುಎಸ್‌ಬಿ ಕೀಬೋರ್ಡ್ ಚುಚ್ಚಿದರೆ ಅರ್ಧ ಕಷ್ಟ ಕಡಿಮೆಯಾಗುತ್ತೆ, ಆವರಣ ಚಿಹ್ನೆ, ಇಂಡೆಂಟ್ ಹಾಕೋದು ಫೋನಿನ ಕೀಬೋರ್ಡಲ್ಲಿ ಬಹಳ ನಿಧಾನ.

ಹೊಸಹೆಜ್ಜೆ

ಐಡಲ್ ಓಡ್ತಿದೆ! ಎರಡು ಸಂಖ್ಯೆ ಕೇಳಿ ಕೂಡಿಸೋ ಪ್ರೋಗ್ರಾಂ ಬರೆದೆ. 5 ಮತ್ತು 3 ಕೊಟ್ರೆ 53 ಬರ್ತಿದೆ. ಇನ್ನೊಂದು, ವಾಟ್ಸಾಪಲ್ಲಿ ಬಂದ ಕೋಡ್ ಪೇಸ್ಟ್ ಮಾಡಿದ್ರೆ "ಇನ್‌ವ್ಯಾಲಿಡ್ ಕ್ಯಾರೆಕ್ಟರ್ ಇನ್ ಐಡೆಂಟಿಫೈಯರ್" ಅಂತೆ. ಕಣ್ಣಿಗೆ ಏನೂ ತಪ್ಪು ಕಾಣ್ತಿಲ್ಲ.

ಪ್ರಯೋಗಶಾಲೆ

ಎರಡೂ ಎಲ್ಲರಿಗೂ ಬರುವ ತಪ್ಪು.

ಇನ್‌ಪುಟ್ ಫಂಕ್ಷನ್ ಯಾವತ್ತೂ ಪಠ್ಯವನ್ನೇ ಕೊಡುತ್ತೆ, ಸಂಖ್ಯೆಯನ್ನಲ್ಲ. ಪಠ್ಯಕ್ಕೆ ಪಠ್ಯ ಕೂಡಿಸಿದರೆ ಅಂಟುತ್ತೆ: "5" ಮತ್ತು "3" ಅಂಟಿ "53". ಓದಿದ ಜಾಗದಲ್ಲೇ ಇಂಟ್ ಹಾಕಿ ಸುತ್ತಿ, ಹೀಗೆ (ಇಲ್ಲಿ ಓದೋಕೆ ಸುಲಭವಾಗಲಿ ಅಂತ ಉಚ್ಚಾರದ ಹಾಗೆ ಬರೆದಿದ್ದೀನಿ, ಇಂಟ್, ಇನ್‌ಪುಟ್ ಥರದ ಪೈಥಾನಿನ ಸ್ವಂತ ಪದಗಳನ್ನು ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು):

ಮೊದಲನೆಯದು = ಇಂಟ್(ಇನ್‌ಪುಟ್("ಮೊದಲ ಸಂಖ್ಯೆ: "))

ಎರಡನೆಯದು ಉದ್ಧರಣ ಚಿಹ್ನೆಯ ತೊಂದರೆ. ವಾಟ್ಸಾಪ್, ವರ್ಡ್, ಪಿಡಿಎಫ್ ಮೂಲಕ ಬಂದ ಕೋಡಿನಲ್ಲಿ ನೆಟ್ಟಗಿನ ಉದ್ಧರಣ ಚಿಹ್ನೆಗಳು ಬಾಗಿದ ಚಿಹ್ನೆಗಳಾಗಿರುತ್ತವೆ. ಪೈಥಾನಿಗೆ ಬಾಗಿದ್ದು ಗೊತ್ತಿಲ್ಲ. ಚಿಹ್ನೆಗಳನ್ನು ಅಳಿಸಿ ಕೀಬೋರ್ಡಿನಿಂದಲೇ ಮತ್ತೆ ಒತ್ತಿ. ಇಡೀ ಕೋಡನ್ನೇ ಕೈಯಾರೆ ಟೈಪ್ ಮಾಡಿದರೆ ಇನ್ನೂ ಒಳ್ಳೆಯದು. ಮೊದಲ ತಿಂಗಳು ಪೇಸ್ಟ್ ಮಾಡಲೇಬೇಡಿ ಅಂತ ನಾನು ಒತ್ತಿ ಹೇಳ್ತೀನಿ. ಟೈಪ್ ಮಾಡುವಾಗ ಆಗುವ ತಪ್ಪುಗಳಿಂದಲೇ ಯಾವ ಚಿಹ್ನೆ ಯಾಕಿದೆ ಅಂತ ಗೊತ್ತಾಗೋದು.

ಎರರ್ ಓದುವ ಕ್ರಮ: ಕೆಂಪು ಅಕ್ಷರದ ರಾಶಿ ಬಂದಾಗ ಕೆಳಗಿನ ಕೊನೆಯ ಸಾಲು ಮೊದಲು ಓದಿ. ಕೋಲನ್ನಿನ ಎಡಕ್ಕಿರೋದು ತಪ್ಪಿನ ಜಾತಿ, ಬಲಕ್ಕಿರೋದು ವಿವರ. ಆಮೇಲೆ ಅದರ ಮೇಲಿನ ಸಾಲಿನ ಸಂಖ್ಯೆ ನೋಡಿ. ನೇಮ್‌ಎರರ್ ಅಂದ್ರೆ ಆ ಹೆಸರು ಪೈಥಾನಿಗೆ ಗೊತ್ತಿಲ್ಲ, ಬಹುಪಾಲು ಕಾಗುಣಿತ ತಪ್ಪು ಅಥವಾ ಪಠ್ಯಕ್ಕೆ ಉದ್ಧರಣ ಹಾಕಿಲ್ಲ. ಟೈಪ್‌ಎರರ್ ಅಂದ್ರೆ ಪಠ್ಯಕ್ಕೆ ಸಂಖ್ಯೆ ಕೂಡಿಸುವಂಥ ಕೆಲಸ. ವ್ಯಾಲ್ಯೂಎರರ್ ಅಂದ್ರೆ ಜಾತಿ ಸರಿ, ಒಳಗಿನ ಮೌಲ್ಯ ಸರಿಯಿಲ್ಲ, ಉದಾಹರಣೆಗೆ ಸಂಖ್ಯೆ ಕೇಳಿದಲ್ಲಿ "ಐದು" ಅಂತ ಕೊಟ್ಟಿದ್ದು. ಇಂಡೆಂಟೇಶನ್‌ಎರರ್ ಬಂದರೆ ಸಾಲಿನ ಆರಂಭದ ಜಾಗ ನೋಡಿ, ಎಲ್ಲ ಕಡೆ 4 ಸ್ಪೇಸ್ ಇರಲಿ, ಟ್ಯಾಬ್ ಬೆರೆಸಬೇಡಿ.

ನಿಮ್ಮದು 3.8 ಆದ್ದರಿಂದ ಒಂದು ಮಾತು ಹೆಚ್ಚಿಗೆ. ಸಿಂಟ್ಯಾಕ್ಸ್‌ಎರರ್ ತೋರಿಸಿದ ಸಾಲು ಸರಿಯಾಗೇ ಕಂಡರೆ ಅದರ ಮೇಲಿನ ಸಾಲು ನೋಡಿ. ಮೇಲಿನ ಸಾಲಿನಲ್ಲಿ ಆವರಣ ಮುಚ್ಚದೆ ಬಿಟ್ಟಿದ್ದರೆ 3.8 ಕೆಳಗಿನ ಸಾಲಿನ ಮೇಲೆ ಬೆರಳು ತೋರಿಸುತ್ತೆ. "ಈ ಆವರಣ ಮುಚ್ಚಿಲ್ಲ" ಅಂತ ಸ್ಪಷ್ಟವಾಗಿ ಹೇಳೋದು 3.10ರಿಂದ ಬಂತು.

ಗೆರೆಲೆಕ್ಕ

ಎರರ್ ಬರುವ ತಪ್ಪು ಸುಲಭದ್ದು. ಎರರ್ ಬರದೆ ತಪ್ಪು ಉತ್ತರ ಕೊಡೋದನ್ನು ಹಿಡಿಯೋಕೆ ಪೆನ್ಸಿಲ್ ಬೇಕು. 1ರಿಂದ 5ರವರೆಗೆ ಕೂಡಿಸುವ ಈ ಪ್ರೋಗ್ರಾಂ ನೋಡು ತಮ್ಮ:

ಮೊತ್ತ = 0
ಎಣಿಕೆ = 1
ವೈಲ್ ಎಣಿಕೆ < 5:
    ಮೊತ್ತ = ಮೊತ್ತ + ಎಣಿಕೆ
    ಎಣಿಕೆ = ಎಣಿಕೆ + 1
ಪ್ರಿಂಟ್(ಮೊತ್ತ)

15 ಬರಬೇಕು, ಬರೋದು 10. ಓಡಿಸೋಕೆ ಮುಂಚೆ ಹಾಳೆಯಲ್ಲಿ ಎರಡು ಕಂಬ ಎಳೆ, ಒಂದಕ್ಕೆ ಎಣಿಕೆ, ಇನ್ನೊಂದಕ್ಕೆ ಮೊತ್ತ. ಒಂದೊಂದು ಸುತ್ತಿಗೆ ಒಂದು ಸಾಲು. ಎಣಿಕೆ 1 ಇದ್ದಾಗ ಮೊತ್ತ 1, 2ಕ್ಕೆ 3, 3ಕ್ಕೆ 6, 4ಕ್ಕೆ 10. ಎಣಿಕೆ 5 ಆದಾಗ "5 ಚಿಕ್ಕದೇ 5ಕ್ಕಿಂತ?" ಅಲ್ಲ. ಹೊರಗೆ ಬಂತು, 5 ಸೇರಲೇ ಇಲ್ಲ. ಚಿಕ್ಕದು ಅನ್ನೋದರ ಜಾಗದಲ್ಲಿ "ಚಿಕ್ಕದು ಅಥವಾ ಸಮ" ಹಾಕಬೇಕು.

ಈಗ ತಿದ್ದುವ ಮುಂಚಿನ ಪ್ರೋಗ್ರಾಮಿನಲ್ಲೇ ಒಳಗಿನ ಎರಡು ಸಾಲು ಅದಲು ಬದಲು ಮಾಡಿ ಮತ್ತೆ ಹಾಳೆಯಲ್ಲಿ ಬರಿ. ಉತ್ತರ 14 ಬರುತ್ತೆ. ಯಾಕೆ ಅಂತ ಪಟ್ಟಿಯೇ ಹೇಳುತ್ತೆ. ಎಣಿಕೆ ಹೆಚ್ಚಿಸುವ ಸಾಲನ್ನೇ ಬಿಟ್ಟರೆ ಪ್ರೋಗ್ರಾಂ ನಿಲ್ಲೋದೇ ಇಲ್ಲ, ಆಗ ಕಂಟ್ರೋಲ್-ಸಿ ಒತ್ತಿ ನಿಲ್ಲಿಸು. ಫಾರ್ ಲೂಪಿನ ರೇಂಜ್(1, 5) ಕೂಡ 4ಕ್ಕೇ ನಿಲ್ಲುತ್ತೆ, 5 ಬೇಕಿದ್ದರೆ ರೇಂಜ್(1, 6).

ಸಿ ಪರೀಕ್ಷೆಯಲ್ಲಿ "ಇದರ ಔಟ್‌ಪುಟ್ ಏನು" ಅನ್ನೋ ಪ್ರಶ್ನೆಗಳಿಗೆಲ್ಲ ಈ ಪಟ್ಟಿಯೇ ಉತ್ತರ. ದಿನಕ್ಕೆ ಒಂದಾದರೂ ಹೀಗೆ ಬಿಡಿಸು.

ಸಗಣಿಗುಡ್ಡೆ ಪಕ್ಕದ ಮನೆ

ಎರಡನೇ ವಾರಕ್ಕೆ ಒಂದು ನಿಜವಾದ ಲೆಕ್ಕ ಇಟ್ಟುಕೊಳ್ಳಿ: ಡೈರಿಗೆ ಹಾಕುವ ಹಾಲು. ಬೆಳಿಗ್ಗೆ ಸಂಜೆ ಸೇರಿ 10 ದಿನಕ್ಕೆ 20 ನಮೂದು. ಲೀಟರ್ ಕೇಳಬೇಕು, ಫೈಲಿಗೆ ಬರೆಯಬೇಕು, ಕೊನೆಗೆ ಒಟ್ಟು ಲೀಟರ್, ಒಟ್ಟು ದುಡ್ಡು ಹೇಳಬೇಕು. ಲೂಪು, ಷರತ್ತು, ಫೈಲು, ಫಂಕ್ಷನ್ ಎಲ್ಲ ಇದರಲ್ಲೇ ಬರುತ್ತೆ, ಉತ್ತರ ಸರಿಯೋ ತಪ್ಪೋ ಅಂತ ಪಾಸ್‌ಬುಕ್ಕಿನ ಜೊತೆ ಹೋಲಿಸಬಹುದು.

ಎಡವೋ ಜಾಗಗಳು ಇವು. ಫೈಲನ್ನು "ಡಬ್ಲ್ಯೂ" ಮೋಡಿನಲ್ಲಿ ತೆರೆದರೆ ಆ ಕ್ಷಣಕ್ಕೇ ಹಳೇ ನಮೂದೆಲ್ಲ ಅಳಿಸಿಹೋಗುತ್ತೆ. ಸೇರಿಸೋಕೆ "ಎ" ಮೋಡ್. ಪ್ರತಿ ನಮೂದಿನ ಕೊನೆಗೆ ಹೊಸಸಾಲಿನ ಗುರುತು ಹಾಕದಿದ್ದರೆ 4.5 ಮತ್ತು 3.2 ಅಂಟಿಕೊಂಡು 4.53.2 ಆಗುತ್ತೆ, ಓದುವಾಗ ವ್ಯಾಲ್ಯೂಎರರ್. ಫೈಲಿನ ಕೊನೆಯ ಖಾಲಿ ಸಾಲನ್ನು ಫ್ಲೋಟ್‌ಗೆ ಕೊಟ್ಟರೂ ಅದೇ ಎರರ್, ಆದ್ದರಿಂದ ಮೊದಲು ಸ್ಟ್ರಿಪ್ ಮಾಡಿ (ಎರಡು ತುದಿಯ ಖಾಲಿ ಜಾಗ ತೆಗೆದು), ಖಾಲಿ ಇದ್ದರೆ ಬಿಟ್ಟು ಮುಂದೆ ಹೋಗಿ.

ದುಡ್ಡಿನ ಲೆಕ್ಕಕ್ಕೆ ದಶಮಾಂಶ ನಂಬಬೇಡಿ. ಐಡಲಿನಲ್ಲಿ 4.35*100 ಕೊಟ್ಟು ನೋಡಿ, 435 ಬರಲ್ಲ, 434.99999999999994 ಬರುತ್ತೆ. ಅದನ್ನು ಇಂಟ್ ಮಾಡಿದರೆ 434. ಗಣಕ ದಶಮಾಂಶವನ್ನು ಎರಡರ ಭಿನ್ನರಾಶಿಗಳಲ್ಲಿ ಇಟ್ಟುಕೊಳ್ಳುತ್ತೆ, 4.35 ಹಾಗೆ ನಿಖರವಾಗಿ ಕೂರಲ್ಲ. ಹಾಲನ್ನು ಮಿಲಿಲೀಟರಿನಲ್ಲಿ, ದುಡ್ಡನ್ನು ಪೈಸೆಯಲ್ಲಿ, ಎರಡನ್ನೂ ಪೂರ್ಣಾಂಕವಾಗಿ ಇಡಿ. 4.35 ಲೀಟರ್ ಬಂದ ಕೂಡಲೇ ರೌಂಡ್(ಲೀಟರ್*1000) ಮಾಡಿ 4350 ಮಾಡಿಕೊಳ್ಳಿ. ಉದಾಹರಣೆಗೆ ದರ 36.50 ಅಂದ್ರೆ 3650 ಪೈಸೆ. 4350*3650/1000 ಮಾಡಿದರೆ 15877.5 ಪೈಸೆ. ಈ ಅರ್ಧ ಪೈಸೆಯನ್ನು ಪ್ರತಿ ನಮೂದಿಗೂ ದುಂಡು ಮಾಡಿದರೆ 20 ನಮೂದಿಗೆ ಸೇರಿ ವ್ಯತ್ಯಾಸ ಬರುತ್ತೆ. 1000ದಿಂದ ಭಾಗಿಸೋದನ್ನು ಕೊನೆಗೆ ಒಂದೇ ಸಲ ಮಾಡಿ. ಪೈಥಾನಿನ ರೌಂಡ್ ಅರ್ಧ ಬಂದಾಗ ಸಮಸಂಖ್ಯೆಯ ಕಡೆ ಹೋಗುತ್ತೆ ಅನ್ನೋದೂ ಗೊತ್ತಿರಲಿ: ರೌಂಡ್(2.5) ಅಂದ್ರೆ 2, ರೌಂಡ್(3.5) ಅಂದ್ರೆ 4.

ಹೊಸಹೆಜ್ಜೆ

ಹಾಲಿನ ಲೆಕ್ಕ ಬರ್ತಿದೆ ಅಣ್ಣ, ಪಾಸ್‌ಬುಕ್ಕಿಗೆ ತಾಳೆ ಆಯ್ತು. ಆದರೆ ಫೈಲಿಗೆ "ಬೆಳಿಗ್ಗೆ", "ಸಂಜೆ" ಅಂತ ಕನ್ನಡದಲ್ಲಿ ಬರೆಯೋಕೆ ಹೋದ್ರೆ ಯೂನಿಕೋಡ್‌ಎನ್‌ಕೋಡ್‌ಎರರ್, "ಚಾರ್‌ಮ್ಯಾಪ್" ಅಂತ ಏನೋ. ಕನ್ನಡ ಬರೆಯೋಕೇ ಆಗಲ್ವಾ?

ಲಿಪಿಕಾರ

ಖಂಡಿತ ಆಗುತ್ತೆ. ವಿಂಡೋಸಿನಲ್ಲಿ ಓಪನ್ ಫಂಕ್ಷನ್ ತಾನಾಗಿ ಹಳೆಯ ಪಾಶ್ಚಾತ್ಯ ಅಕ್ಷರಕೋಷ್ಟಕ ಹಿಡಿಯುತ್ತೆ, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಓಪನ್ ಮಾಡುವಾಗಲೆಲ್ಲ, ಓದೋಕೂ ಬರೆಯೋಕೂ, ಎನ್‌ಕೋಡಿಂಗ್ = "ಯುಟಿಎಫ್-8" ಅಂತ ಕೊಡಿ. ಆ ಫೈಲನ್ನು ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಪಟ್ಟಿ) ಆಗಿ ಇಟ್ಟು ಎಕ್ಸೆಲಿನಲ್ಲಿ ತೆರೆದಾಗ ವಿಚಿತ್ರ ಅಕ್ಷರ ಕಂಡರೆ, ಬರೆಯುವಾಗ "ಯುಟಿಎಫ್-8-ಸಿಗ್" ಕೊಡಿ. ಕಪ್ಪು ಪರದೆಯಲ್ಲಿ ಕನ್ನಡದ ಬದಲು ಚೌಕಗಳು ಕಂಡರೆ ಅದು ಆ ಕಿಟಕಿಯ ಅಕ್ಷರಶೈಲಿಯ ಕೊರತೆ, ನಿಮ್ಮ ಪ್ರೋಗ್ರಾಮಿನ ತಪ್ಪಲ್ಲ. ವಿಂಡೋಸ್ 7ರಲ್ಲಿ ತುಂಗಾ ಅಕ್ಷರಶೈಲಿ ಇರೋದರಿಂದ ಐಡಲಿನಲ್ಲಿ ಕಾಣಬೇಕು.

ಟೈಪ್ ಮಾಡೋದು ಯೂನಿಕೋಡಿನಲ್ಲೇ (ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಇರಬೇಕು. ಹಳೇ ನುಡಿ ಫಾಂಟಿನ ಆಸ್ಕಿ ಪಠ್ಯವಾದರೆ ಕಣ್ಣಿಗೆ ಕನ್ನಡ, ಒಳಗಿರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಪೈಥಾನಿಗೆ ಆ ಕಲಸುಮೇಲೋಗರವೇ ಕಾಣೋದು.

ಗೆರೆಲೆಕ್ಕ ಅವರು ಮೇಲೆ ಮೊತ್ತ, ಎಣಿಕೆ ಅಂತ ಹೆಸರಿಟ್ಟರಲ್ಲ, ಅದು ಬರೀ ಓದೋಕೆ ಅಂದುಕೊಳ್ಳಬೇಡಿ. ಪೈಥಾನ್ 3ರಲ್ಲಿ ವೇರಿಯೇಬಲ್ ಹೆಸರು ಕನ್ನಡ ಲಿಪಿಯಲ್ಲೇ ಇದ್ದರೂ ಓಡುತ್ತೆ. ಮಿತಿ ಎರಡು. ಹೆಸರಿನೊಳಗೆ ಒತ್ತಕ್ಷರ ಬಿಡಿಸೋಕೆ ಬಳಸುವ ಅದೃಶ್ಯ ಚಿಹ್ನೆ (ಯು+200ಸಿ) ಇರಬಾರದು. "ಪಾಸ್‌ಬುಕ್" ಅಂತ ಹೆಸರಿಟ್ಟರೆ ಸ್ ಆದಮೇಲೆ ಆ ಚಿಹ್ನೆ ಕೂತಿರುತ್ತೆ, ಮತ್ತೆ ಅದೇ "ಇನ್‌ವ್ಯಾಲಿಡ್ ಕ್ಯಾರೆಕ್ಟರ್". ಎರಡನೆಯದು, ಕೋಡಿನಲ್ಲಿ ನೇರವಾಗಿ ೧೨ ಅಂತ ಬರೆದರೆ ಎರರ್. ಆದರೆ ಬಳಕೆದಾರ ಟೈಪ್ ಮಾಡಿದ "೧೨" ಅನ್ನು ಇಂಟ್ ಮಾಡಿದರೆ 12 ಸಿಗುತ್ತೆ, "೪.೩೫" ಅನ್ನು ಫ್ಲೋಟ್ ಮಾಡಿದರೆ 4.35. ಡೈರಿ ಪ್ರೋಗ್ರಾಮನ್ನು ಮನೆಯಲ್ಲಿ ಯಾರು ಕನ್ನಡ ಅಂಕಿಯಲ್ಲಿ ಒತ್ತಿದರೂ ನಡೆಯುತ್ತೆ. ಕಾಲೇಜಿನ ಕೋಡಿಗೆ ಮಾತ್ರ ಇಂಗ್ಲಿಷ್ ಹೆಸರೇ ಇಡಿ, ಇನ್ನೊಬ್ಬರು ಓದಬೇಕಲ್ಲ.

ಪ್ರಯೋಗಶಾಲೆ

ನಾಲ್ಕನೇ ವಾರಕ್ಕೆ ಸಿ. ವಿಂಡೋಸಿಗೆ ಕೋಡ್‌ಬ್ಲಾಕ್ಸ್ ಇಳಿಸುವಾಗ ಹೆಸರಿನಲ್ಲಿ "ಮಿಂಗ್‌ಡಬ್ಲ್ಯೂ" ಇರುವ ಫೈಲನ್ನೇ ಆರಿಸಿ. ಅದಿಲ್ಲದ್ದರಲ್ಲಿ ಕಂಪೈಲರ್ ಇರಲ್ಲ, ಬರೀ ಎಡಿಟರ್ ಬರುತ್ತೆ, ಬಿಲ್ಡ್ ಒತ್ತಿದರೆ ಕಂಪೈಲರ್ ಸಿಗಲಿಲ್ಲ ಅನ್ನುತ್ತೆ.

ಲ್ಯಾಬಿನಲ್ಲಿ ಟರ್ಬೋ ಸಿ ಇದ್ದರೆ ಮನೆಯ ಕೋಡಿಗೂ ಅಲ್ಲಿಯದಕ್ಕೂ ವ್ಯತ್ಯಾಸ ಇರುತ್ತೆ. ಕೋನಿಯೋ ಹೆಡರ್, ಸಿಎಲ್‌ಆರ್‌ಸ್ಕ್ರೀನ್ ಮಾನಕ ಸಿಯ ಭಾಗವಲ್ಲ, ಜಿಸಿಸಿಯಲ್ಲಿ ಸಿಎಲ್‌ಆರ್‌ಸ್ಕ್ರೀನ್ ಸಿಗಲ್ಲ. ವಾಯ್ಡ್ ಮೇನ್ ಬದಲು ಇಂಟ್ ಮೇನ್ ಅಭ್ಯಾಸ ಮಾಡಿ, ಎರಡೂ ಕಡೆ ನಡೆಯುತ್ತೆ.

ಪೈಥಾನಿನಿಂದ ಬಂದವರು ಸಿಯಲ್ಲಿ ಮಾಡುವ ಮೂರು ತಪ್ಪು. ಸ್ಕ್ಯಾನ್‌ಎಫ್‌ನಲ್ಲಿ ವೇರಿಯೇಬಲ್ ಹೆಸರಿಗೆ ಮೊದಲು ಆಂಪರ್ಸಂಡ್ (&) ಹಾಕೋದು ಮರೆಯೋದು: ಸ್ಕ್ಯಾನ್‌ಎಫ್‌ಗೆ ಬೇಕಿರೋದು ಮೌಲ್ಯ ಇಡುವ ಜಾಗದ ವಿಳಾಸ, ಮೌಲ್ಯ ಕೊಟ್ಟರೆ ಅದನ್ನೇ ವಿಳಾಸ ಅಂದುಕೊಂಡು ಎಲ್ಲೋ ಬರೆಯೋಕೆ ಹೋಗಿ ಪ್ರೋಗ್ರಾಂ ಬಿದ್ದುಹೋಗುತ್ತೆ. ಎರಡನೆಯದು, ಈಫ್ ಒಳಗೆ ಎರಡು ಸಮ ಚಿಹ್ನೆಯ ಬದಲು ಒಂದು. ಪೈಥಾನ್ ಅದನ್ನು ಸಿಂಟ್ಯಾಕ್ಸ್‌ಎರರ್ ಅಂತ ತಡೆಯುತ್ತೆ. ಸಿಯಲ್ಲಿ ಅದು ಕಂಪೈಲ್ ಆಗಿ, 5 ಇಟ್ಟರೆ ಷರತ್ತು ಯಾವಾಗಲೂ ನಿಜ. ವಾರ್ನಿಂಗ್ ಎಲ್ಲ ತೋರಿಸು ಅಂತ ಸೆಟ್ಟಿಂಗಲ್ಲಿ ಟಿಕ್ ಹಾಕಿದರೆ ಎರಡನ್ನೂ ಜಿಸಿಸಿ ಎಚ್ಚರಿಸುತ್ತೆ. ಮೂರನೆಯದು, ಸಂಖ್ಯೆ ಓದಿದ ಮೇಲೆ ಒಂದು ಅಕ್ಷರ ಓದೋಕೆ ಹೋದರೆ ಪ್ರೋಗ್ರಾಂ ಕಾಯದೆ ಮುಂದೆ ಓಡುತ್ತೆ. ಹಿಂದಿನ ಎಂಟರ್ ಒತ್ತಿದ್ದು ಅಲ್ಲೇ ಉಳಿದಿರುತ್ತೆ, ಅದನ್ನೇ ಅಕ್ಷರ ಅಂತ ಓದಿಕೊಳ್ಳುತ್ತೆ. ಪರ್ಸೆಂಟ್-ಸಿಗೆ ಮೊದಲು, ಎಡಕ್ಕೆ, ಒಂದು ಸ್ಪೇಸ್ ಹಾಕಿದರೆ ಸರಿ. ಗೆಟ್ಸ್ ಬಳಸಬೇಡಿ, 2011ರ ಮಾನಕದಲ್ಲಿ ಅದನ್ನು ತೆಗೆದೇಹಾಕಿದ್ದಾರೆ. ಎಫ್‌ಗೆಟ್ಸ್ ಬಳಸಿ.

ಮಲ್ಲಿಗೆಬಳ್ಳಿ

ಎಐ ಚಾಟ್‌ಗೆ ಕೇಳಿದ್ರೆ ಎಲ್ಲ ಕೋಡೂ ಬರೆದುಕೊಡುತ್ತಲ್ಲ ಸರ್, ಅದನ್ನು ನೋಡಿ ಕಲಿಯಬಹುದಾ?

ಗೆರೆಲೆಕ್ಕ

ಎರರ್ ಸಂದೇಶದ ಅರ್ಥ ಕನ್ನಡದಲ್ಲಿ ಕೇಳೋಕೆ ಒಳ್ಳೆಯದು. ಕೋಡ್ ಬರೆಸಿಕೊಳ್ಳೋಕೆ ಬೇಡಮ್ಮ. ಕನಿಷ್ಠ 20 ನಿಮಿಷ ಹಾಳೆ ಪೆನ್ಸಿಲ್ ಹಿಡಿದು ನೋಡಿದ ಮೇಲೆ, "ಉತ್ತರ ಹೇಳಬೇಡ, ಯಾವ ಸಾಲು ನೋಡಬೇಕು ಅಷ್ಟೇ ಹೇಳು" ಅಂತ ಕೇಳು. ಅದು ಕೊಟ್ಟ ಉತ್ತರವನ್ನೂ ಪಟ್ಟಿ ಹಾಕಿ ಪರೀಕ್ಷಿಸು, ತಪ್ಪು ಕೋಡನ್ನೂ ಸರಿ ಅನ್ನುವ ಧಾಟಿಯಲ್ಲೇ ಕೊಡುತ್ತೆ. ಲ್ಯಾಬ್ ಪರೀಕ್ಷೆಯಲ್ಲಿ ಅದು ಪಕ್ಕದಲ್ಲಿರಲ್ಲ.

ಹೊಸಹೆಜ್ಜೆ

ಲ್ಯಾಬ್ ಪಟ್ಟಿಯಲ್ಲಿ ಪ್ಯಾಲಿಂಡ್ರೋಮ್ (ಹಿಂದಿನಿಂದ ಓದಿದರೂ ಅದೇ ಬರುವ ಪದ) ಇತ್ತು. ಪೈಥಾನಿನಲ್ಲಿ ಪದ ತಿರುಗಿಸಿ ಹೋಲಿಸೋದು ಬರೆದೆ. "ಕನಕ" ಕೊಟ್ರೆ ಹೌದು ಅಂತು. "ವಿಕಟಕವಿ" ಕೊಟ್ರೆ ಅಲ್ಲ ಅಂತಿದೆ! ಎಲ್ಲಿ ತಪ್ಪಿದೆ?

ಲಿಪಿಕಾರ

ಬಹಳ ಒಳ್ಳೆಯ ಪರೀಕ್ಷೆ ಕೊಟ್ಟಿದ್ದೀರಿ. ನಿಮ್ಮ ತರ್ಕ ಸರಿ, ಆದರೆ ಗಣಕ ಎಣಿಸುವ ಘಟಕ ನಮ್ಮ ಅಕ್ಷರವಲ್ಲ.

ಐಡಲಿನಲ್ಲಿ ಲೆನ್("ಕನ್ನಡ") ಕೇಳಿ. ನಮ್ಮ ಕಣ್ಣಿಗೆ ಮೂರಕ್ಷರ, ಅದು 5 ಅನ್ನುತ್ತೆ: ಕ, ನ, ವಿರಾಮ ಚಿಹ್ನೆ (್), ನ, ಡ. ಪ್ರತಿಯೊಂದೂ ಯೂನಿಕೋಡಿನ ಒಂದು ಸ್ಥಾನ, ಕನ್ನಡದ ಪಾಲು ಯು+0ಸಿ80ರಿಂದ ಯು+0ಸಿಎಫ್‌ಎಫ್. ಯುಟಿಎಫ್-8ರಲ್ಲಿ ಒಂದೊಂದೂ 3 ಬೈಟು, ಆದ್ದರಿಂದ ಆ ಎನ್‌ಕೋಡಿಂಗಿನ ಪಠ್ಯಕ್ಕೆ ಸಿಯಲ್ಲಿ ಸ್ಟ್ರ್‌ಲೆನ್ ಕೇಳಿದರೆ 15. "ವಿಕಟಕವಿ" ಒಳಗೆ ವ, ಇಕಾರದ ಗುರುತು, ಕ, ಟ, ಕ, ವ, ಇಕಾರದ ಗುರುತು ಹೀಗೆ 7 ಇವೆ. ತಿರುಗಿಸಿದರೆ ಇಕಾರದ ಗುರುತೇ ಮೊದಲು ಬರುತ್ತೆ, ಅಂಟಿಕೊಳ್ಳೋಕೆ ವ್ಯಂಜನವೇ ಇಲ್ಲ. "ಕರ್ನಾಟಕ" ತಿರುಗಿಸಿದರೆ "ಕಟಾನ್ರಕ" ಬರುತ್ತೆ, ಬರಬೇಕಿದ್ದದ್ದು "ಕಟರ್ನಾಕ". "ಕನಕ" ಸರಿಬಂದದ್ದು ಅದರಲ್ಲಿ ಗುರುತುಗಳೇ ಇಲ್ಲದ್ದರಿಂದ.

ಪರಿಹಾರ, ಮೊದಲು ಪದವನ್ನು ಅಕ್ಷರಗಳಾಗಿ ಒಡೆದು ಪಟ್ಟಿ ಮಾಡೋದು, ಆಮೇಲೆ ಆ ಪಟ್ಟಿಯನ್ನು ತಿರುಗಿಸೋದು. ಖಾಲಿ ಪಟ್ಟಿಯಿಂದ ಶುರು ಮಾಡಿ ಪದದ ಒಂದೊಂದು ಸ್ಥಾನ ನೋಡುತ್ತಾ ಹೋಗಿ. ಅದು ಸ್ವರದ ಗುರುತೋ ವಿರಾಮವೋ (ಯು+0ಸಿಬಿಇ ಇಂದ ಯು+0ಸಿಸಿಡಿ), ಅನುಸ್ವಾರವೋ ವಿಸರ್ಗವೋ (ಯು+0ಸಿ82, ಯು+0ಸಿ83) ಆಗಿದ್ದರೆ ಪಟ್ಟಿಯ ಕೊನೆಯ ತುಂಡಿಗೆ ಅಂಟಿಸಿ. ಇಲ್ಲದಿದ್ದರೆ ಕೊನೆಯ ತುಂಡು ವಿರಾಮದಲ್ಲಿ ಮುಗಿದಿದೆಯೇ ನೋಡಿ. ಮುಗಿದಿದ್ದರೆ ಇದು ಒತ್ತಕ್ಷರ, ಅದಕ್ಕೇ ಅಂಟಿಸಿ. ಎರಡೂ ಅಲ್ಲದಿದ್ದರೆ ಹೊಸ ತುಂಡು. ಸ್ಥಾನದ ಸಂಖ್ಯೆ ತಿಳಿಯೋಕೆ ಆರ್ಡ್ ಫಂಕ್ಷನ್ ಇದೆ, ಕೋಡಿನಲ್ಲಿ ಈ ಸಂಖ್ಯೆಗಳನ್ನು ಸೊನ್ನೆ-ಎಕ್ಸ್ ಮುಂದಿಟ್ಟು ಬರೆಯಿರಿ.

ಹೊಸಹೆಜ್ಜೆ

ವಿಕಟಕವಿ ಹೌದು ಅಂತು ಸರ್!! ಕರ್ನಾಟಕವೂ ಸರಿಯಾಗಿ ತಿರುಗ್ತು. ಆದರೆ ಒಂದು ಫೈಲಿಂದ ಓದಿದ "ಕೋಗಿಲೆ"ಯಲ್ಲಿ ಮಾತ್ರ ಕೋ ಒಡೆದುಹೋಗ್ತಿದೆ. ನಾನೇ ಟೈಪ್ ಮಾಡಿದ ಕೋಗಿಲೆ ಸರಿ ಬರುತ್ತೆ.

ಲಿಪಿಕಾರ

ಓಕಾರದ ಗುರುತನ್ನು ಎರಡು ಬಗೆಯಲ್ಲಿ ಇಡಬಹುದು: ಯು+0ಸಿಸಿಬಿ ಒಂದೇ ಸ್ಥಾನವಾಗಿ, ಅಥವಾ 0ಸಿಸಿ6, 0ಸಿಸಿ2, 0ಸಿಡಿ5 ಮೂರು ತುಂಡಾಗಿ. ಕಣ್ಣಿಗೆ ಎರಡೂ ಒಂದೇ. ಆ ಫೈಲಿನಲ್ಲಿ ಮೂರು ತುಂಡಿನದು ಇರಬೇಕು. ಕೊನೆಯ 0ಸಿಡಿ5 ನಾನು ಕೊಟ್ಟ ವ್ಯಾಪ್ತಿಯ ಹೊರಗಿದೆ, ಅದಕ್ಕೇ ಒಡೆಯಿತು. ಓದಿದ ತಕ್ಷಣ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಜ್ ಫಂಕ್ಷನ್ನಿಗೆ "ಎನ್‌ಎಫ್‌ಸಿ" ಅಂತ ಹೇಳಿ ಪದ ಕೊಡಿ, ಮೂರೂ ಸೇರಿ ಒಂದಾಗುತ್ತೆ. ಜೊತೆಗೆ 200ಸಿ ಸ್ಥಾನದ ಅದೃಶ್ಯ ಚಿಹ್ನೆ ಬಂದರೆ ಅದನ್ನು ಹಿಂದಿನ ತುಂಡಿಗೆ ಅಂಟಿಸಿ. ಹಾಗೆ ಅಂಟಿಸಿದಾಗ ತುಂಡು ವಿರಾಮದಲ್ಲಿ ಮುಗಿಯಲ್ಲ, ಆದ್ದರಿಂದ ಮುಂದಿನ ವ್ಯಂಜನ ತಾನಾಗಿ ಹೊಸ ತುಂಡಾಗುತ್ತೆ.

ಮುಗಿದ ಮೇಲೆ ಈ ಐದು ಪದಗಳನ್ನು ಓಡಿಸಿ, ತುಂಡುಗಳ ಎಣಿಕೆ ಇಲ್ಲಿ ಹಾಕಿ: ಕುಟುಕು 3, ಸಂಜೆ 2, ರಾಷ್ಟ್ರ 2, ಕೋಗಿಲೆ 3, ಪಾಸ್‌ಬುಕ್ 4. ಕೊನೆಯದರಲ್ಲಿ ಪಾ, ಸ್, ಬು, ಕ್ ಬರಬೇಕು. 3 ಬಂದರೆ ಅದೃಶ್ಯ ಚಿಹ್ನೆಯನ್ನು ಎಲ್ಲೋ ಅಳಿಸಿಬಿಟ್ಟಿದ್ದೀರಿ ಅಂತ ಅರ್ಥ.